ವರ್ಷವಿಡೀ ಸುಮ್ಮನಿದ್ದ ರೇಡಿಯೋ

…ಅಥವಾ ವಾಸನೆಯೇ ಮೊದಲು ಬಂದು, ಸದ್ದು ಆಮೇಲೆ ಬಂದಿತ್ತೇನೋ; ಈಗ ಖಚಿತವಾಗಿ ಹೇಳಲಾರೆ. ಈ ಸಂಗತಿಯನ್ನು ಯಾರಿಗೆ ಹೇಳುವಾಗಲೂ ಮೊದಲು ‘ಟಪ್’ ಎಂಬ ಸದ್ದು, ಅದರ ಹಿಂದೆ ಹೊಗೆ, ಹೊಗೆಯ ಹಿಂದೆ ಮೀನು ಸುಟ್ಟಂಥ ವಾಸನೆ ಎಂದು ಒಂದರ ಬೆನ್ನಿಗೆ ಒಂದನ್ನು ನಿಲ್ಲಿಸಿಕೊಂಡು ಬಂದಿದ್ದೇನೆ. ಆದರೆ ಸಾಲಾಗಿ ನಿಂತದ್ದನ್ನು ಕಂಡರೆ ನನಗೆ ಅನುಮಾನ. ಕೊರಟಗೆರೆಯ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಮಕ್ಕಳನ್ನು ಸಾಲು ಮಾಡಿಸುತ್ತಲೇ ವಯಸ್ಸು ಕಳೆದವಳು ನಾನು. ಯಾವ ಸಾಲೂ ತಾನಾಗಿ ನಿಲ್ಲುವುದಿಲ್ಲ, ಯಾರೋ ಹಿಂದಿನಿಂದ ಭುಜ ಹಿಡಿದು ಸರಿಸಿರುತ್ತಾರೆ ಎಂಬುದು ಗೊತ್ತು. ನೆನಪಿನ ಈ ಸಾಲನ್ನು ಹಾಗೆ ಸರಿಸಿದವಳು ನಾನೇ ಇರಬೇಕು.

ನನ್ನ ತಮ್ಮನನ್ನು ಕೇಳಿದರೆ ಮೀನಿನ ವಾಸನೆಯೇ ಇರಲಿಲ್ಲ, ವೈರು ಸುಟ್ಟ ವಾಸನೆಯಷ್ಟೇ ಎನ್ನುತ್ತಾನೆ. ಅವನು ಆ ಬೆಳಿಗ್ಗೆ ಮಧುಗಿರಿಯಲ್ಲಿ ಇದ್ದನೇ ಎಂಬುದೇ ನಮ್ಮಿಬ್ಬರ ನಡುವೆ ಇನ್ನೂ ಇತ್ಯರ್ಥವಾಗಿಲ್ಲ. ನನ್ನ ಪರವಾಗಿ ಇರುವ ಸಾಕ್ಷಿ ಒಂದೇ: ಪಕ್ಕದ ಮನೆಯಾಕೆ ಬಾಗಿಲಲ್ಲಿ ಮೂಗು ತೂರಿಸಿ, “ಏನ್ರವ್ವಾ ಅದು, ನೀವೂ ಮೀನು ತಿನ್ನೋಕೆ ಶುರು ಮಾಡ್ಕಂಡ್ರಾ?” ಎಂದು ಕೇಳಿದ್ದು. ಮಾಂಸದ ಪಾತ್ರೆಯ ನೆರಳೂ ಬೀಳದ ಮನೆಯಲ್ಲಿ, ಅದೂ ಯಜಮಾನರ ವರ್ಷದ ತಿಥಿಯ ಮರುದಿನ, ಅಂಥ ಮಾತು ಬಂದಿದ್ದರೆ ವಾಸನೆ ಇದ್ದಿರಲೇಬೇಕು. ಇಲ್ಲವೇ ಆ ಮಾತು ಬೇರೆ ಯಾವುದೋ ದಿನದ್ದು, ಇಲ್ಲಿಗೆ ಚೆನ್ನಾಗಿ ಹೊಂದುತ್ತದೆಂದು ತಾನೇ ನಡೆದು ಬಂದು ಕೂತಿರಬೇಕು.

ವಾಸನೆ ಬಂದದ್ದು ನನ್ನ ಸೋದರತ್ತೆ ಗಂಗತ್ತೆಯ ಮನೆಯ ರೇಡಿಯೋದಿಂದ. ಮಧುಗಿರಿಯಲ್ಲಿ ಅವರದೊಂದು ಹಿಟ್ಟಿನ ಗಿರಣಿ. ಗಿರಣಿಯ ಬೆನ್ನಿಗೆ ಮನೆ, ನಡುವೆ ಒಂದೇ ಗೋಡೆ, ಆ ಗೋಡೆಯ ಗೂಡಿನಲ್ಲಿ ರೇಡಿಯೋ. ಎಪ್ಪತ್ತರ ದಶಕದ ಮೊದಲಲ್ಲಿ ಮಾವ ಅದನ್ನು ತಂದಾಗಲೇ ಅದು ಹಳೆಯ ಕಾಲದ್ದು, ವಾಲ್ವಿನದು. ಹಾಕಿದ ಕೂಡಲೇ ಬಾಯಿ ಬಿಡುವ ಜಾತಿಯದಲ್ಲ. ಗುಂಡಿ ತಿರುಗಿಸಿದರೆ ಮೊದಲು ಒಳಗಿನ ಗಾಜಿನ ಬುರುಡೆಗಳು ನಸುಗೆಂಪಾಗಬೇಕು, ಮರದ ಪೆಟ್ಟಿಗೆ ಬೆಚ್ಚಗಾಗಬೇಕು, ಮುಂದಿನ ಹಸಿರು ದೀಪದ ಕಣ್ಣು ನಿದ್ದೆಯಿಂದ ಎದ್ದ ಮಗುವಿನಂತೆ ನಿಧಾನವಾಗಿ ತೆರೆಯಬೇಕು. ಅಷ್ಟಾದ ಮೇಲೆ ಎಲ್ಲೋ ದೂರದಿಂದ ನಡೆದು ಬಂದಂತೆ ದನಿ. ಮಾವ ಪಾವಗಡದ ಕಡೆಯವರು, ರಾಯಚರ್ಲಿನಲ್ಲಿ ಹುಟ್ಟಿದವರು. ಎಣಿಸುವುದು, ಬೈಯುವುದು, ನಗುವುದು ಮೂರೂ ತೆಲುಗಿನಲ್ಲಿ, ಉಳಿದದ್ದೆಲ್ಲ ಕನ್ನಡದಲ್ಲಿ. ಸಂಜೆ ಗಿರಣಿ ನಿಲ್ಲಿಸಿ, ಮೈಮೇಲಿನ ಹಿಟ್ಟು ಕೊಡವಿಕೊಂಡು ಬಂದು, ರೇಡಿಯೋದ ಮುಳ್ಳನ್ನು ಕೂದಲೆಳೆಯಷ್ಟು ಆಚೀಚೆ ಮಾಡಿ ತೆಲುಗಿನ ಯಾವುದೋ ಸ್ಟೇಷನ್ನನ್ನು ಹಿಡಿದು ಕೂರುತ್ತಿದ್ದರು.

ಅತ್ತೆಯೋ, ಬಾಯಿ ಮುಚ್ಚಿ ಕೂರುವ ಹೆಂಗಸಲ್ಲ. ಗಿರಣಿಗೆ ಬಂದವರು ಹಿಟ್ಟಿನ ಜೊತೆಗೆ ಅವಳ ಮಾತನ್ನೂ ಡಬ್ಬಿಗೆ ತುಂಬಿಸಿಕೊಂಡು ಹೋಗುತ್ತಿದ್ದರು. “ಏನಮ್ಮಾ, ರಾಗಿ ತಂದಿದೀಯೋ ಕಲ್ಲು ತಂದಿದೀಯೋ? ನನ್ ಗಿರಣಿ ಹಲ್ಲು ಮುರೀಬೇಕು ಅಂತಾನಾ?” ಎಂದರೆ, ತಂದವಳೂ ಬಿಡುತ್ತಿರಲಿಲ್ಲ: “ನಿನ್ ನಾಲಿಗೆ ಐತಲ್ಲ ಗಂಗಕ್ಕ, ಅದ್ರಾಗೆ ಒಂದ್ಸಲ ಹಾಕಿ ತೆಗಿ, ನುಣ್ಣಗಾಗ್ತೈತೆ.” ಬೆಲ್ಟು ತಿರುಗುವ ಸದ್ದಿನ ಮೇಲೆ ಈ ನಗು ಬೀದಿಗೆ ಕೇಳುತ್ತಿತ್ತು.

ಎಂಬತ್ತರ ದಶಕದ ಮೊದಮೊದಲಲ್ಲಿ ಮಾವ ತೀರಿಕೊಂಡರು. ಇನ್ನೂ ಐವತ್ತು ದಾಟಿರಲಿಲ್ಲ. ನಮ್ಮ ಕಡೆ ಸಾವಾದ ಮನೆಯಲ್ಲಿ ರೇಡಿಯೋ ಹಾಕುವುದಿಲ್ಲ. ಹಾಡು ಕೇಳಿದರೆ ಜನ ಏನೆಂದಾರು ಎಂಬ ಅಳುಕು ಒಂದು. ಸಂತೋಷದ ವಸ್ತುವಿಗೂ ಸೂತಕವಿದೆ ಎಂಬ ನಂಬಿಕೆ ಇನ್ನೊಂದು. ಹೆಚ್ಚಿನವರು ಹನ್ನೊಂದು ದಿನಕ್ಕೇ ಮುಗಿಸುತ್ತಾರೆ, ಬಿಗಿಯವರು ತಿಂಗಳು. ಅತ್ತೆ ವರ್ಷ ಎಂದಳು. ಪ್ಲಗ್ಗು ಕಿತ್ತು ವೈರನ್ನು ಸುತ್ತಿಟ್ಟು, ತಾನೇ ಹೆಣೆದ ಬಿಳಿ ವಸ್ತ್ರವನ್ನು ಹಸಿರು ಕಣ್ಣಿನ ಮೇಲೆ ಇಳಿಬಿಟ್ಟಳು. ರೇಡಿಯೋದ ಜೊತೆಗೆ ತನ್ನ ಬಾಯಿಗೂ ವಸ್ತ್ರ ಇಳಿಬಿಟ್ಟುಕೊಂಡಳು. ಗಿರಣಿಯನ್ನು ತಾನೇ ನಡೆಸಿದಳು, ಮೋಟಾರು ಹಾಕುವುದು, ಬೆಲ್ಟು ಸರಿಮಾಡುವುದು ಎಲ್ಲವನ್ನೂ. ಆದರೆ ಮಾತೆಂದರೆ “ಇಡು”, “ತಗೊ”, ಅಷ್ಟೇ. ಯಾರಾದರೂ ಪುಸಲಾಯಿಸಿದರೆ, “ವರ್ಷ ತುಂಬ್ಲಿ. ರೇಡಿಯೋ ಹಾಕ್ತೀನಿ. ಆವಾಗ ನೋಡ್ರವ್ವಾ ನನ್ ಬಾಯಿ” ಎನ್ನುತ್ತಿದ್ದಳು. ಹೀಗಾಗಿ ಅವಳ ದುಃಖಕ್ಕೆ ಒಂದು ಬಾಗಿಲಿದೆ, ಆ ಬಾಗಿಲ ಚಿಲಕ ರೇಡಿಯೋದ ಗುಂಡಿಯಲ್ಲಿದೆ ಎಂದು ನಾವೆಲ್ಲ ನಂಬಿದೆವು. ಅವಳೂ ನಂಬಿದ್ದಳು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಅವಳನ್ನು ನೋಡಲು ಹೋಗುತ್ತಿದ್ದ ನನಗೆ, ಆ ವಸ್ತ್ರದ ಹಿಂದೆ ಯಾರೋ ಉಸಿರು ಬಿಗಿಹಿಡಿದು ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು. ಹಾಗೆ ಆಗಲೇ ಅನ್ನಿಸಿತ್ತೋ, ಇದನ್ನು ಬರೆಯುವಾಗ ಅನ್ನಿಸುತ್ತಿದೆಯೋ, ಓದುಗ ಮಿತ್ರರೇ, ನೀವೇ ತೀರ್ಮಾನಿಸಿ.

ವರ್ಷದ ತಿಥಿಗೆ ಮಾವನ ಅಣ್ಣ ರಾಯಚರ್ಲಿನಿಂದ ಬಂದರು. ನಾವು ಅವರನ್ನು ರಾಯಚರ್ಲು ಮಾವ ಎನ್ನುತ್ತಿದ್ದೆವು. ತಿಥಿ ಮುಗಿದ ಸಂಜೆಯೇ ರೇಡಿಯೋ ಹಾಕಿಬಿಡೋಣ ಎಂದವಳು ಅತ್ತೆ. ಕೈ ಆಗಲೇ ವಸ್ತ್ರದ ಅಂಚಿನಲ್ಲಿತ್ತು. ತಡೆದವರು ಅವರು.

ಇಲ್ಲಿ ನಮ್ಮೂರುಗಳ ಕರೆಂಟಿನ ವಿಷಯ ಹೇಳಬೇಕು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಧುಗಿರಿಯ ಬಲ್ಬುಗಳಲ್ಲಿ ಬೆಳಕು ಇರುತ್ತಿರಲಿಲ್ಲ, ಒಂದು ಕೆಂಪು ದಾರ ಮಾತ್ರ ಇರುತ್ತಿತ್ತು. ಗಿರಣಿಯ ಮೋಟಾರು ಆ ಹೊತ್ತಿನಲ್ಲಿ ಮುಲುಗುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. ಅದೇ ಮುಂಜಾವಿನಲ್ಲಿ, ಊರು ಏಳುವ ಮುಂಚೆ, ಕರೆಂಟು ಎಷ್ಟು ಜೋರಾಗಿ ಬರುತ್ತಿತ್ತೆಂದರೆ ಬಲ್ಬುಗಳು ಕಣ್ಣು ಕುಕ್ಕುವಷ್ಟು ಉರಿದು ಕೆಲವೊಮ್ಮೆ ಅಲ್ಲೇ ಸಾಯುತ್ತಿದ್ದವು.

“ವದ್ದಮ್ಮಾ, ಈಗ್ಬ್ಯಾಡ,” ಎಂದರು ರಾಯಚರ್ಲು ಮಾವ, ತಲೆಯ ಮೇಲಿನ ಮಂಕು ಬಲ್ಬನ್ನು ತೋರಿಸಿ. “ನೋಡು, ಕರೆಂಟೇ ಸತ್ತೋಗೈತೆ. ಸತ್ತಿರೋ ಕರೆಂಟ್ನಾಗೆ ನನ್ ತಮ್ಮನ ರೇಡಿಯೋ ಹಾಕ್ತೀಯಾ? ಬೆಳಗ್ಗೆ, ಸೂರ್ಯ ಹುಟ್ಟೋ ಹೊತ್ನಾಗೆ ಹಾಕು. ತುಂಬಿರೋ ಕರೆಂಟ್ನಾಗೆ.”

“ವರ್ಷ ಕಾದೋಳಿಗೆ ಒಂದ್ರಾತ್ರಿ ಹೆಚ್ಚೇನಲ್ಲ ಬುಡು ಭಾವ,” ಎಂದಳು ಅತ್ತೆ. ವಸ್ತ್ರ ಬಿಟ್ಟಳು.

ಬೆಳಿಗ್ಗೆ ಅವಳು ತಲೆಗೆ ನೀರು ಹಾಕಿಕೊಂಡು, ರೇಡಿಯೋದ ಪೆಟ್ಟಿಗೆಗೆ ವಿಭೂತಿ ಹಚ್ಚಿ, ಒಂದು ಹೂವಿಟ್ಟು, ಪ್ಲಗ್ಗು ಹಾಕಿ ಗುಂಡಿ ತಿರುಗಿಸಿದಳು. ಬುರುಡೆಗಳು ಕೆಂಪಾದವು. ಹಸಿರು ಕಣ್ಣು ಅರೆ ತೆರೆಯಿತು. ಒಳಗಿನಿಂದ ದನಿಯಲ್ಲದ ಒಂದು ಮುಲುಗು ಏರುತ್ತಾ ಏರುತ್ತಾ ಬಂದು, ಆಮೇಲೆ ಮೊದಲು ಹೇಳಿದ ಸದ್ದು, ಹೊಗೆ, ವಾಸನೆ, ಅವು ಯಾವ ಕ್ರಮದಲ್ಲಿ ಬಂದವೋ ಆ ಕ್ರಮದಲ್ಲಿ. ಪ್ಲಗ್ಗು ಕಿತ್ತವರು ರಾಯಚರ್ಲು ಮಾವ. ಅತ್ತೆ ಅಳಲಿಲ್ಲ. ಹೊಗೆ ಆಡುವುದು ನಿಂತ ಮೇಲೆ ವಸ್ತ್ರವನ್ನು ಮತ್ತೆ ಇಳಿಬಿಟ್ಟು, ಅಂಚು ಸರಿಮಾಡಿ, ಮೆಲ್ಲಗೆ ಹೇಳಿದಳು:

“ಅವ್ರಿಗೆ ಇಷ್ಟ ಇಲ್ಲ ಕಣೆ. ಇನ್ನೊಂದ್ವರ್ಷ ಅಂಗೇ ಇರ್ಲಿ.”

ಹೂವು ಪೆಟ್ಟಿಗೆಯ ಮೇಲೇ ಉಳಿಯಿತು. ಅವಳು ಹೋಗಿ ಗಿರಣಿಯ ಬಾಗಿಲು ತೆಗೆದಳು. ಕಾದು ನಿಂತಿದ್ದ ಹೆಂಗಸರಿಗೆ ಸಿಕ್ಕಿದ್ದು ಅದೇ “ಇಡು”, ಅದೇ “ತಗೊ”.

ಇನ್ನೊಂದು ವರ್ಷ ಎಂದರೆ ಇನ್ನೂ ಒಂದು, ಅದರಾಚೆ ಮತ್ತೂ ಒಂದು ಎಂದು ನನಗೆ ಹೆದರಿಕೆಯಾಯಿತು. ರೇಡಿಯೋ ಸುಟ್ಟದ್ದು ಮಾವನ ಅಪ್ಪಣೆ ಅಲ್ಲ, ಒಳಗಿನ ಯಾವುದೋ ವಸ್ತುವಿನ ಸಾವು ಎಂದು ತೋರಿಸದೆ ಅವಳ ಬಾಯಿ ಬಿಡಿಸುವುದು ಸಾಧ್ಯವಿರಲಿಲ್ಲ. ಸಿರಾದಲ್ಲಿ ಮಸ್ತಾನ್ ಎಂಬ ರಿಪೇರಿಯವನು ಇದ್ದಾನೆ, ಸುತ್ತಲ ತಾಲ್ಲೂಕುಗಳ ಸತ್ತ ರೇಡಿಯೋಗಳೆಲ್ಲ ಅವನಲ್ಲಿಗೇ ಹೋಗುವುದು ಎಂದು ಯಾರೋ ಹೇಳಿದರು. ಅತ್ತೆ ಬೇಡವೆನ್ನಲಿಲ್ಲ. “ತಗೊಂಡೋಗು. ನೀನು ವಾಪಸ್ ತರೋ ಹೊತ್ಗೆ ಹೆಂಗಿದ್ರೂ ವರ್ಷ ಆಗಿರ್ತೈತೆ” ಎಂದಳು. ಅದೊಂದು ಚುಚ್ಚುಮಾತು, ಆದರೆ ಇಡೀ ವರ್ಷದಲ್ಲಿ ಅವಳು ಆಡಿದ ಮೊದಲ ಚುಚ್ಚುಮಾತು. ನಾನು ಆ ಮಾತನ್ನು ಹಿಡಿದುಕೊಂಡು ಸಿರಾದ ಬಸ್ಸು ಹತ್ತಿದೆ, ತೊಡೆಯ ಮೇಲೆ ರೇಡಿಯೋ. ಕಂಡಕ್ಟರು ವಸ್ತ್ರ ಸರಿಸಿ ಇಣುಕಿ, “ಇದ್ಕೂ ಟಿಕೆಟ್ ತಗಳಮ್ಮ, ನೋಡಿದ್ರೆ ನಿಮಗಿಂತ ದೊಡ್ಡದಿದ್ದಂಗೈತೆ” ಎಂದ.

ಮಸ್ತಾನ್ ಮೂವತ್ತೈದರ ಆಸುಪಾಸಿನ, ಮಾತಿನ ಮನುಷ್ಯ. ಅಂಗಡಿ ಎಂದರೆ ಒಂದು ಬಾಗಿಲು, ಒಂದು ಮೇಜು, ಗೋಡೆಯ ತುಂಬ ಹೊಟ್ಟೆ ಬಗೆದ ರೇಡಿಯೋಗಳು. ತಾನು ಮುಟ್ಟಿದರೆ ಮರದ ಪೆಟ್ಟಿಗೆಯೂ ಹಾಡುತ್ತದೆಂದು ಜಂಬ ಕೊಚ್ಚಿಕೊಂಡು, ಹಿಂದಿನ ಹಲಗೆ ಬಿಚ್ಚಿ, ಒಂದು ವಾಲ್ವು ಹೋಗಿದೆ ಎಂದು ತೀರ್ಪು ಕೊಟ್ಟು, ಹೊಸದನ್ನು ಹಾಕಿದ. ಅದು ಕಣ್ಣೆದುರಿಗೇ ಕೆಂಡವಾಗಿ ಸತ್ತಿತು. “ಲೇ ಮಸ್ತಾನ್, ನಿನ್ ತಲೇಗೇ ಮೊದ್ಲು ಪವರ್ ಕೊಡ್ಬೇಕು ಕಣ್ಲಾ” ಎಂದು ತನಗೆ ತಾನೇ ಬೈದುಕೊಂಡು ಮತ್ತೆ ಬಗ್ಗಿದ. ಆಮೇಲೆ ಹೆಬ್ಬೆರಳು ಗಾತ್ರದ, ಹೊಟ್ಟೆಯುಬ್ಬಿ ತುದಿ ಬಿರಿದ ಒಂದು ಅಲ್ಯೂಮಿನಿಯಂ ಡಬ್ಬಿಯನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟ.

“ಕಂಡೆನ್ಸರ್, ಟೀಚರಮ್ಮ. ಇದೇ ಬದ್ಮಾಷು. ರೇಡಿಯೋ ಎಷ್ಟು ದಿನ ಹಾಕಿರಲಿಲ್ಲ?”

ವರ್ಷ ಎಂದೆ. ಯಾಕೆಂದೂ ಹೇಳಿದೆ. ಅವನು ಡಬ್ಬಿಯ ಬಿರಿದ ತುದಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿದ.

“ಕಂಡೆನ್ಸರ್ ಅಂದ್ರೆ ಎಮ್ಮೆ ಇದ್ದಂಗೆ. ದಿನಾ ಕರೀತಾ ಇರ್ಬೇಕು. ವರ್ಷ ಬಿಟ್ಟು ಒಂದಿನ ಹೋಗಿ ಜೋರಾಗಿ ಕೈ ಹಾಕಿದ್ರೆ ಒದೀತೈತೆ. ಬೆಳಗ್ಗೆ ಹಾಕಿದ್ರಾ? ಫುಲ್ ಕರೆಂಟಲ್ಲಿ?”

“ಹೌದು. ಸಂಜೆ ಕರೆಂಟು ಚೆನ್ನಾಗಿರಲಿಲ್ಲ ಅಂತ.”

“ತೋಬಾ. ಸಂಜೆ ಆ ಡಲ್ ಕರೆಂಟಲ್ಲೇ ಹಾಕ್ಬೇಕಿತ್ತಕ್ಕಾ. ನಾವು ಹಳೇ ರೇಡಿಯೋ ಬಂದ್ರೆ ನಡುವೆ ಒಂದು ಬಲ್ಬ್ ಕಟ್ಟಿ, ಕರೆಂಟ್ ಕಮ್ಮಿ ಮಾಡಿ, ನಿಧಾನಕ್ಕೆ ಎಬ್ಬಿಸ್ತೀವಿ. ನಿಮ್ಮೂರಲ್ಲಿ ಆ ಬಲ್ಬ್ ಕೆಲಸಾನ ಸಂಜೆ ಕರೆಂಟೇ ಬಿಟ್ಟಿ ಮಾಡ್ತಿತ್ತು. ಉಳ್ಕೊಂಡಿರೋದು. ಏನೋ, ಗ್ಯಾರಂಟಿ ಹೇಳಲ್ಲ, ಉಳ್ಕೊಂಡಿರೋದು.”

ಅದರೊಳಗೆ ಏನಿರುತ್ತದೆ ಎಂಬುದನ್ನು ಆಮೇಲೆ ನಮ್ಮ ಶಾಲೆಯ ವಿಜ್ಞಾನದ ಮೇಷ್ಟರು ಬಿಡಿಸಿ ಹೇಳಿದರು. ಎರಡು ತೆಳು ತಗಡು, ನಡುವೆ ಯಾವುದೋ ದ್ರವದಲ್ಲಿ ನೆನೆಸಿದ ಕಾಗದ, ಎಲ್ಲವನ್ನೂ ಚಾಪೆಯಂತೆ ಸುತ್ತಿ ಡಬ್ಬಿಗೆ ತುಂಬಿರುತ್ತಾರೆ. ತಗಡಿನ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ. ವಿದ್ಯುತ್ತನ್ನು ತಡೆದು ನಿಲ್ಲಿಸುವುದು ಆ ಪೊರೆ. ಆದರೆ ಆ ಪೊರೆಯನ್ನು ಕಟ್ಟುವುದೂ ವಿದ್ಯುತ್ತೇ. ದಿನವೂ ಬಳಸುತ್ತಿದ್ದರೆ ಸವೆದಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ. ಬಳಸದೆ ಇಟ್ಟರೆ, ಸುತ್ತಲಿನ ದ್ರವವೇ ಅದನ್ನು ಸದ್ದಿಲ್ಲದೆ ಕರಗಿಸುತ್ತದೆ. ಹೊರಗಿನಿಂದ ನೋಡಿದರೆ ಡಬ್ಬಿ ಹೊಳೆಯುತ್ತಲೇ ಇರುತ್ತದೆ.

ಇದನ್ನು ಕೇಳಿದ ಕ್ಷಣ ನನಗೆ ಅತ್ತೆಯ ನೆನಪಾಯಿತು, ನಿಮಗೂ ಆಗಿರುತ್ತದೆ. ಅವಳ ವರ್ಷದ ಮೌನ, ಒಳಗೆ ಕರಗುತ್ತಿದ್ದ ಪೊರೆ, ಮರುದಿನದ ತುಂಬು ಕರೆಂಟು. ಹೋಲಿಕೆ ಇಷ್ಟು ಸಲೀಸಾಗಿ ಕೈಗೆ ಸಿಕ್ಕಿದ್ದರಿಂದಲೇ ನಾನು ಅದನ್ನು ನಂಬುವುದಿಲ್ಲ. ಮನುಷ್ಯರು ತಗಡು ಕಾಗದಗಳ ಸುರುಳಿಯಲ್ಲ. ಮೌನದಲ್ಲಿ ಮಾಗಿದವರನ್ನೂ ಕಂಡಿದ್ದೇನೆ, ದಿನವೂ ಮಾತಾಡುತ್ತಾ ಒಣಗಿಹೋದವರನ್ನೂ ಕಂಡಿದ್ದೇನೆ. ಆದರೂ ಒಂದು ವಿಷಾದ ಮಾತ್ರ ಹೋಲಿಕೆಯ ಹಂಗಿಲ್ಲದೆ ಉಳಿದಿದೆ. ನಾವು ದಿನವೂ ಶಪಿಸುತ್ತಿದ್ದ, ಓದಲು ಆಗದ, ಗಿರಣಿ ತಿರುಗಿಸಲಾರದ ಆ ಮುದಿ ಸಂಜೆಯ ಕರೆಂಟು, ಅಂದು ಆ ಮನೆಗೆ ಬೇಕಾಗಿದ್ದಷ್ಟೇ ಬಲವನ್ನು ಹೊತ್ತು ಬಂದು ಗೂಡಿನ ಬಳಿ ಕಾದಿತ್ತು. ನಾವು ಅದನ್ನು ಮಂಕು ಎಂದು ಹಿಂದಕ್ಕೆ ಕಳಿಸಿದೆವು. ರಾಯಚರ್ಲು ಮಾವನನ್ನು ದೂರುವುದು ಹೇಗೆ? ತಮ್ಮನ ವಸ್ತುವಿಗೆ ಅರೆಬರೆಯದಲ್ಲ, ತುಂಬಿದ್ದೇ ಸಲ್ಲಬೇಕೆಂದು ಬಯಸಿದ್ದು ಪ್ರೀತಿಯೇ. ಆ ಪ್ರೀತಿಯ ಅಳತೆಯೇ ಹೆಚ್ಚಾಯಿತು.

ಮಸ್ತಾನ್ ಸತ್ತ ಕಂಡೆನ್ಸರನ್ನಷ್ಟೇ ಅಲ್ಲ, ಅದರ ವಯಸ್ಸಿನವುಗಳನ್ನೆಲ್ಲ ಕಿತ್ತು ಹೊಸವನ್ನು ಕೂರಿಸಿದ. ನಾಳೆ ಬನ್ನಿ, ಸಂತೆ ಕಳೆದು ಬನ್ನಿ ಎಂದು ಕೆಲವು ವಾರ ಓಡಾಡಿಸಿದ ಮೇಲೆ ಕೊಟ್ಟ. ದನಿ ತೊಳೆದಿಟ್ಟ ಗಾಜಿನಂತಿತ್ತು. ಮಧುಗಿರಿಗೆ ತಂದು, ಬಿರಿದ ಡಬ್ಬಿಯನ್ನು ಅತ್ತೆಗೆ ತೋರಿಸಿ, ಮಾವನ ಅಪ್ಪಣೆಯೇನೂ ಇದರಲ್ಲಿ ಇರಲಿಲ್ಲವೆಂದು ಹೇಳಿದೆ. ಅವಳು ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನಂಬಿದಂತೆ ಕಂಡಳು. ರೇಡಿಯೋ ಹಾಕಿದಳು. ಹಾಡು ಬಂತು, ವಾರ್ತೆ ಬಂತು, ಮತ್ತೆ ಹಾಡು ಬಂತು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ನಡುವೆ ಒಂದು ಬಿಡುವು ಬಂತು. ಅವಳು ತಲೆ ಎತ್ತಿ, ಬಾಗಿಲು ಯಾರೋ ಬಡಿಯಬೇಕಿತ್ತು ಬಡಿಯಲಿಲ್ಲ ಎಂಬಂತೆ ಕಿವಿಗೊಟ್ಟು, ಕೈ ಚಾಚಿ ಆರಿಸಿಬಿಟ್ಟಳು.

“ಯಾಕತ್ತೆ?”

“ಗುಂಯ್ ಅಂತಿತ್ತಲ್ಲ, ಅದೆಲ್ಲೋಯ್ತು?”

ನನಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ನೆನಪಾಯಿತು: ಆ ರೇಡಿಯೋದಲ್ಲಿ ದನಿಯ ಹಿಂದೆ ಯಾವಾಗಲೂ ಒಂದು ಸಣ್ಣ ಗುಂಗು ಇತ್ತು, ಪಕ್ಕದ ಕೋಣೆಯಲ್ಲಿ ದುಂಬಿ ಸಿಕ್ಕಿಕೊಂಡಂತೆ. ಕಂಡೆನ್ಸರು ವರ್ಷದ ಮೌನಕ್ಕೂ ಮುಂಚಿನಿಂದಲೇ ಒಣಗುತ್ತಿತ್ತು. ಕರೆಂಟಿನ ಏರಿಳಿತವನ್ನು ಪೂರ್ತಿ ತಡೆಯಲಾರದೆ ಸ್ವಲ್ಪ ಸ್ವಲ್ಪ ಸೋರಿಸುತ್ತಿತ್ತು. ಮಾವನಿಗೆ ಅದು ಕಾಯಿಲೆ ಅನ್ನಿಸಿರಲಿಲ್ಲ. ಯಾರಾದರೂ ಸರಿಮಾಡಿಸಿ ಎಂದರೆ, “ಉಸಿರಾಡ್ತೈತೆ, ಇರ್ಲಿ ಬುಡು” ಎನ್ನುತ್ತಿದ್ದರು.

“ಮಾತು ನಿಂತ್ರೆ ಒಳಗೆ ಏನೂ ಇಲ್ಲ ಕಣೆ ಈಗ,” ಎಂದಳು ಅತ್ತೆ. “ಮನೇನೇ ಇಲ್ಲ ಅನ್ನಂಗೆ. ಆವಾಗ ಹಾಡು ನಿಂತ್ರೂ ಗುಂಯ್ ಅಂತಿತ್ತು. ನಾವಿಬ್ರೂ ಮಾತಾಡ್ತಿದ್ದಿದ್ದೇ ಆವಾಗ. ಹಾಡು ಬರೋವಾಗ ಮಾತಾಡಿದ್ರೆ ಬೈಯೋರು.”

ವಸ್ತ್ರ ಮತ್ತೆ ಇಳಿಯಿತು. ಈ ಸಲ ಎಷ್ಟು ವರ್ಷ ಎಂದು ಅವಳು ಹೇಳಲಿಲ್ಲ.

ನಾನು ರೇಡಿಯೋ ಹೊತ್ತು ಮತ್ತೆ ಸಿರಾಕ್ಕೆ ಹೋಗಿ, ಆ ಗುಂಗು ವಾಪಸ್ ಬೇಕೆಂದೆ. ಮಸ್ತಾನ್ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಇಕ್ಕಳವನ್ನು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದ.

“ಏನಕ್ಕಾ ನೀವು? ಬೀಮಾರಿ ತೆಗ್ದು ಕೊಟ್ರೆ ಬೀಮಾರಿ ವಾಪಸ್ ಕೊಡು ಅಂತೀರಾ? ಡಾಕ್ಟ್ರ ಹತ್ರ ಹೋಗಿ ಕೆಮ್ಮು ಹಾಕ್ಕೊಡಿ ಅಂತ ಕೇಳ್ತಾರಾ ಯಾರಾದ್ರೂ?”

ಅತ್ತೆ ಹೇಳಿದ್ದನ್ನು ಹೇಳಿದೆ. ಹಾಡಿನ ನಡುವಿನ ಬಿಡುವು, ಇಬ್ಬರ ಮಾತು, ಎಲ್ಲವನ್ನೂ. ಅವನು ಗಡ್ಡ ಕೆರೆದುಕೊಂಡು, ಮೇಜಿನ ಕೆಳಗಿನಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬ ಎಳೆದ. ಅದರ ತುಂಬ ಬೇರೆ ಬೇರೆ ರೇಡಿಯೋಗಳಿಂದ ಕಿತ್ತ ಮುದಿ ಕಂಡೆನ್ಸರುಗಳು. ಬೆಸುಗೆಯ ಗುರುತು ಇನ್ನೂ ಕಾಲುಗಳಲ್ಲಿತ್ತು.

“ಎಷ್ಟು ಜೋರಿತ್ತು ಗುಂಯ್? ಹೆಂಗಿತ್ತು? ಸ್ವಲ್ಪ ಮಾಡಿ ತೋರ್ಸಿ.”

ಹೀಗೆ ನಾನು, ಕೊರಟಗೆರೆಯ ಶಾಲೆಯ ಟೀಚರು, ಸಿರಾದ ಬೀದಿಗೆ ಬಾಗಿಲು ತೆರೆದ ಅಂಗಡಿಯಲ್ಲಿ ಕೂತು ತುಟಿ ಮುಚ್ಚಿ ಗುಂಯ್‌ಗುಟ್ಟಿದೆ. ಮಸ್ತಾನ್ ತಾನೂ ಗುಂಯ್‌ಗುಟ್ಟಿ, “ಹಿಂಗಾ?” ಎಂದ. ಇನ್ನೂ ಕೆಳಗೆ ಎಂದೆ. “ಹಿಂಗಾ?” ಸ್ವಲ್ಪ ತೆಳ್ಳಗೆ ಎಂದೆ. ಟಾರ್ಚು ರಿಪೇರಿಗೆ ತಂದು ಬಾಗಿಲಲ್ಲಿ ನಿಂತಿದ್ದ ಮುದುಕರೊಬ್ಬರು, “ಏನ್ ಮಸ್ತಾನು, ಭಜನೆ ಕಲೀತಿದೀಯಾ?” ಎಂದರು. “ನೀವೂ ಬನ್ನಿ ತಾತ, ತಾಳಕ್ಕೆ ಜನ ಕಮ್ಮಿ ಅವ್ರೆ,” ಎಂದ ಅವನು ತಲೆ ಎತ್ತದೆ.

ಆಮೇಲೆ ಡಬ್ಬದಿಂದ ಒಂದೊಂದನ್ನೇ ತೆಗೆದು ತಾತ್ಕಾಲಿಕವಾಗಿ ಕಟ್ಟಿ ಕೇಳಿಸಿದ. “ಇದಾ?” ಇರಬಹುದು ಎನ್ನಿಸಿತು. “ಇದಾ?” ಇದೇ ಇರಬೇಕು ಎನ್ನಿಸಿತು. “ಇದು?” ಅಷ್ಟರಲ್ಲಿ ಏನಾಯಿತೆಂದರೆ, ನನ್ನ ಕಿವಿಯಲ್ಲಿದ್ದ ಹಳೆಯ ಗುಂಗು ಹೊರಟೇಹೋಯಿತು. ಪ್ರತಿಯೊಂದು ಹೊಸ ಗುಂಗೂ ಅದರ ಜಾಗದಲ್ಲಿ ಕೂತು, ನಾನೇ ಮೊದಲಿನಿಂದ ಇದ್ದವನು ಎಂದಿತು. ನೆನಪಿಸಿಕೊಳ್ಳುವ ಕೆಲಸ ನೆನಪನ್ನು ಅಳಿಸುವುದನ್ನು ನಾನು ಅಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಕಂಡಿಲ್ಲ. ಕೊನೆಗೆ ಒಂದನ್ನು ತೋರಿಸಿ ಇದೇ ಎಂದೆ. ಬಸ್ಸಿನ ಹೊತ್ತಾಗಿತ್ತು ಎಂಬುದೂ ಒಂದು ಕಾರಣ.

“ಇದು ಎಷ್ಟು ದಿನ ಬಾಳ್ತೈತೋ ನಂಗೊತ್ತಿಲ್ಲ,” ಎಂದ ಮಸ್ತಾನ್, ಬೆಸುಗೆ ಹಾಕುತ್ತಾ. “ಫ್ಯೂಸ್ ಹಾಕಿದೀನಿ. ಹೋದ್ರೆ ಇದೊಂದೇ ಹೋಗ್ಲಿ, ಮನೆ ಸುಡೋದು ಬ್ಯಾಡ. ನಾನೇ ಹಾಕ್ದೆ ಅಂತ ಮಾತ್ರ ಯಾರ್ಗೂ ಹೇಳ್ಬ್ಯಾಡಿ ಟೀಚರಮ್ಮ, ಬಾಜಾರಲ್ಲಿ ನನ್ ಮರ್ಯಾದೆ ಹೋಗ್ತೈತೆ.”

ಆ ಸಂಜೆ ಮಧುಗಿರಿಯಲ್ಲಿ, ಬಲ್ಬಿನಲ್ಲಿ ಕೆಂಪು ದಾರವಿದ್ದ ಹೊತ್ತಿನಲ್ಲೇ ಹಾಕಿದೆವು. ಬಹಳ ಹೊತ್ತು ಹಿಡಿಯಿತು. ಹಸಿರು ಕಣ್ಣು ಪೂರ್ತಿ ತೆರೆಯಲೇ ಇಲ್ಲ. ತೆಲುಗಿನ ಹಾಡೊಂದು ಕ್ಷೀಣವಾಗಿ ಬಂತು, ಮುಗಿಯಿತು. ಬಿಡುವಿನಲ್ಲಿ ಗುಂಗು ಕೇಳಿಸಿತು. ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಲಿಲ್ಲ, ತಲೆಯೂ ತಿರುಗಲಿಲ್ಲ.

“ಬೀಸೋ ಕಲ್ಲು ನುಣ್ಗಾಗೋಗೈತೆ,” ಎಂದಳು. “ಕೆತ್ತೋರ್ನ ಕರೆಸ್ಬೇಕು.”

“ಕರೆಸೋಣ ಬುಡತ್ತೆ,” ಎಂದೆ ನಾನು.

ಅವಳು ಆಗ ತಿರುಗಿ, ನಾನು ಅಲ್ಲಿರುವುದು ಆಗಷ್ಟೇ ಗೊತ್ತಾದವಳಂತೆ ನನ್ನನ್ನು ನೋಡಿದಳು. “ನಿನ್ನ ಯಾರೇ ಕೇಳಿದ್ರು?” ಎಂದಳು. ಎಂದು ನಕ್ಕಳು. ಅದು ಗಿರಣಿಯ ಕಾಲದ ಅದೇ ನಗು ಎಂದು ಬರೆಯಲು ಕೈ ಹೋಗುತ್ತಿದೆ, ತಡೆಯುತ್ತಿದ್ದೇನೆ. ಸಣ್ಣ ನಗು ಅದು. ಆಮೇಲೆ ಹಾಡು ಬಂತು, ಇಬ್ಬರೂ ಸುಮ್ಮನಾದೆವು.

ಕೆಲವು ವಾರಗಳಲ್ಲಿ ಗಿರಣಿಯಲ್ಲಿ ಅವಳ ಮಾತು ಮತ್ತೆ ಕೇಳಿಬಂತು, ಹಿಂದಿನಷ್ಟು ಹರಿತವಲ್ಲದಿದ್ದರೂ. ಕಲ್ಲು ಕೆತ್ತುವವರು ಬಂದು ಹೋದರು. ಎರಡು ಬೇಸಿಗೆಗಳ ನಂತರವೋ ಮೂರರ ನಂತರವೋ ಆ ಕಂಡೆನ್ಸರು ಸತ್ತಿತು. ಫ್ಯೂಸು ಹೋಯಿತು, ಹೊಗೆ ಬರಲಿಲ್ಲ. ನಾನು ರೇಡಿಯೋ ಸಿರಾಕ್ಕೆ ಒಯ್ಯುತ್ತೇನೆಂದರೆ ಅತ್ತೆ ಬೇಡವೆಂದಳು. ಗಿರಣಿಯಲ್ಲಿ ಒಂದು ಪುಟ್ಟ ಟ್ರಾನ್ಸಿಸ್ಟರ್ ತೂಗು ಹಾಕಿಕೊಂಡಳು. ಅದಕ್ಕೆ ಸೆಲ್ಲು ಸಾಕು, ಕರೆಂಟು ಬೇಡ. ಅದರಲ್ಲಿ ಹಾಡು ನಿಂತರೆ ಒಳಗೆ ಏನೂ ಕೇಳಿಸುತ್ತಿರಲಿಲ್ಲ. ಅವಳಿಗೆ ಅಷ್ಟು ಹೊತ್ತಿಗೆ ಆ ಗುಂಗು ಬೇಕಿಲ್ಲದೆ ಹೋಗಿತ್ತೋ, ಅಥವಾ ಮತ್ತೊಂದು ಸಲ ಕಳೆದುಕೊಳ್ಳುವುದು ಬೇಡವೆನಿಸಿತ್ತೋ, ನಾನು ಕೇಳಲಿಲ್ಲ. ಕೇಳಬಹುದಾಗಿದ್ದ ವರ್ಷಗಳು ಬೇಕಾದಷ್ಟಿದ್ದವು. ಈಗ ಅತ್ತೆ ಇಲ್ಲ. ಸಿರಾದ ಆ ಬಾಗಿಲಲ್ಲಿ ಬೇರೆ ಯಾವುದೋ ವ್ಯಾಪಾರ ನಡೆಯುತ್ತಿದೆ, ಮಸ್ತಾನ್ ಎಲ್ಲಿಗೆ ಹೋದನೆಂದು ಅಲ್ಲಿಯವರಿಗೂ ತಿಳಿಯದು.

ಡಬ್ಬದಿಂದ ನಾನು ಆರಿಸಿದ ಗುಂಗು ಮಾವನ ಕಾಲದ್ದರಂತೆ ಇತ್ತೇ ಎಂಬುದು ನನಗೆ ಗೊತ್ತಿಲ್ಲ. ಇರಲಿಲ್ಲವೆಂದಾದರೆ, ಅದು ಅತ್ತೆಗೆ ಗೊತ್ತಾಗಿಯೂ ಅವಳು ಸುಮ್ಮನಿದ್ದಳೇ ಎಂಬುದೂ ಗೊತ್ತಿಲ್ಲ.